ಲೋಹ ಮತ್ತು ಆಭರಣ ಕಲೆಯಲ್ಲಿ ಪದವಿ: ಮೈಸೂರು, ಮಂಡ್ಯದ ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ದ್ವಿತೀಯ ಪಿಯುಸಿ ಓದುತ್ತಿರುವ ಮಗಳು "ಆಭರಣ ಮಾಡುವುದನ್ನು ಓದುತ್ತೇನೆ" ಎಂದಾಗ ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಬರುತ್ತದೆ. ಅಕ್ಕಸಾಲಿಗರ ಮನೆಯಾದರೆ, "ಅದನ್ನು ಓದುವುದೇನು ಬಂತು, ನಿಮ್ಮಪ್ಪನ ಪಕ್ಕ ಕೂತರೆ ತಾನಾಗಿ ಬರುತ್ತದೆ" ಎನ್ನುತ್ತಾರೆ, ಬೇರೆಯವರ ಮನೆಯಾದರೆ, "ಅದಕ್ಕೂ ಒಂದು ಡಿಗ್ರಿ ಇದೆಯೇ?" ಎಂದು ಕೇಳುತ್ತಾರೆ. ಎರಡೂ ನ್ಯಾಯವಾದ ಮಾತುಗಳೇ. ಡಿಗ್ರಿ ಇದೆ, ಆದರೆ ಅದು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಳ್ಳದೆ ಸೇರಿದವರು ಎರಡನೆಯ ವರ್ಷದ ಹೊತ್ತಿಗೆ ನಿರಾಶರಾಗುವುದನ್ನು ನಾನು ಹಲವು ಬಾರಿ ನೋಡಿದ್ದೇನೆ.

ನಾನು ಓದಿದ ನಾಲ್ಕು ವರ್ಷಗಳಲ್ಲಿ ಕೈಯಲ್ಲಿ ಉಪಕರಣ ಹಿಡಿದು ಕೂತ ಗಂಟೆಗಳನ್ನು ಹಳೆಯ ಟಿಪ್ಪಣಿ ಪುಸ್ತಕಗಳಿಂದ ಒಮ್ಮೆ ಕೂಡಿ ನೋಡಿದೆ. ಮೈಸೂರಿನ ಅಶೋಕ ರಸ್ತೆಯ ಹಿಂದಿನ ಅಕ್ಕಸಾಲಿಗರ ಗಲ್ಲಿಗಳಲ್ಲಿ ಕೆಲಸಕ್ಕೆ ಕೂತ ಹುಡುಗನೊಬ್ಬ ಒಂದು ವರ್ಷದೊಳಗೆ ಮುಗಿಸುವಷ್ಟೇ ಅದು. ಆದ್ದರಿಂದ ಕೈ ಪಳಗುವುದು ಕಾಲೇಜಿನಲ್ಲಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲೋಹ ಯಾಕೆ ಹಾಗೆ ವರ್ತಿಸುತ್ತದೆ, ಒಂದು ಒಡವೆ ದೇಹದ ಮೇಲೆ ಹೇಗೆ ಕೂರಬೇಕು, ಇದುವರೆಗೆ ಯಾರೂ ಮಾಡದ ಆಕಾರವನ್ನು ಕಾಗದದಿಂದ ಲೋಹಕ್ಕೆ ತರುವುದು ಹೇಗೆ, ಇವುಗಳನ್ನು ಕಾಲೇಜು ಕಲಿಸುತ್ತದೆ. ಕೈಯ ಪಾಲನ್ನು ನೀವೇ ಪಕ್ಕದಲ್ಲಿ ಒದಗಿಸಿಕೊಳ್ಳಬೇಕು. ಮುಂದೆ ಹೇಳುವ ಕ್ರಮವೆಲ್ಲ ಈ ಲೆಕ್ಕಾಚಾರದ ಮೇಲೆಯೇ ನಿಂತಿದೆ.

ಮೊದಲನೆಯದು: ಯಾವ ಓದು ಎಂದು ನಿರ್ಧರಿಸುವುದು

ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಓದುಗಳಿವೆ. ಲಲಿತಕಲೆಯ ಪದವಿಯಲ್ಲಿ ಶಿಲ್ಪಕಲೆಯನ್ನು ಆರಿಸಿಕೊಂಡು ಲೋಹದ ಕಡೆಗೆ ಹೊರಳುವುದು ಒಂದು ದಾರಿ. ಇದಕ್ಕೆ ಮೈಸೂರಿನವರು ಊರು ಬಿಡಬೇಕಾಗಿಲ್ಲ, ಏಕೆಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಅಂದರೆ ನಾವೆಲ್ಲ ಕಾವಾ ಎಂದು ಕರೆಯುವ ಕಾಲೇಜಿನಲ್ಲಿ, ಶಿಲ್ಪಕಲೆಯ ವಿಭಾಗವಿದೆ. ಅಲ್ಲಿ ನಿಮಗೆ ಉಂಗುರ ಮಾಡುವುದನ್ನು ಹೇಳಿಕೊಡುತ್ತಾರೆಂದು ಎದುರುನೋಡಬೇಡಿ. ಮಣ್ಣು, ಅಚ್ಚು, ಪ್ರಮಾಣ, ಮಾನವ ದೇಹದ ರಚನೆ ಇವು ಸಿಗುತ್ತವೆ, ಮತ್ತು ಒಡವೆ ಮಾಡುವವನಿಗೆ ಇವು ಸಣ್ಣ ಆಸ್ತಿಯಲ್ಲ.

ಎರಡನೆಯದು ವಿನ್ಯಾಸದ ಪದವಿ. ಬೆಂಗಳೂರಿನ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯಾದ ನಿಫ್ಟ್‌ನಲ್ಲಿ ಆಕ್ಸೆಸರಿ ಡಿಸೈನ್ ಎಂಬ ನಾಲ್ಕು ವರ್ಷದ ಕೋರ್ಸಿದ್ದು, ಅದರಲ್ಲಿ ಆಭರಣದ ಜೊತೆಗೆ ಚರ್ಮದ ಚೀಲ, ಪಾದರಕ್ಷೆ, ಮನೆಯ ಅಲಂಕಾರ ವಸ್ತುಗಳಂಥವೂ ಸೇರಿರುತ್ತವೆ. ಆಭರಣವೊಂದೇ ಬೇಕೆನ್ನುವವರಿಗೆ ಇದು ಚೆದುರಿದಂತೆ ಕಾಣಬಹುದು, ಆದರೆ ಕೆಲಸ ಹುಡುಕುವಾಗ ಈ ಅಗಲವೇ ನೆರವಿಗೆ ಬರುತ್ತದೆ. ಮೂರನೆಯದು ಉದ್ಯಮಕ್ಕೆ ನೇರವಾಗಿ ಅಂಟಿಕೊಂಡ ಓದು: ಮುಂಬೈ ಮತ್ತು ಜೈಪುರದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಜೆಮ್ಸ್ ಅಂಡ್ ಜ್ಯುವೆಲರಿಯಂಥ ಸಂಸ್ಥೆಗಳಲ್ಲಿ ಕಂಪ್ಯೂಟರ್ ವಿನ್ಯಾಸ, ರತ್ನಶಾಸ್ತ್ರ, ತಯಾರಿಕೆ ಇವುಗಳನ್ನು ಕಾರ್ಖಾನೆಯ ಭಾಷೆಯಲ್ಲಿಯೇ ಕಲಿಸುತ್ತಾರೆ.

ವಿದೇಶದ ಓದು ಬಯಸುವವರು ಒಂದು ಪದವನ್ನು ಗಮನಿಸಬೇಕು. ಅಮೆರಿಕದ ಕಾಲೇಜುಗಳು ವಿಭಾಗದ ಹೆಸರಿನಲ್ಲಿ ಮೆಟಲ್‌ಸ್ಮಿಥಿಂಗ್ ಎಂದು ಸೇರಿಸಿದ್ದರೆ, ಒಡವೆಯ ಜೊತೆಗೆ ತಗಡನ್ನು ಬಡಿದು ಬಟ್ಟಲು, ಹೂಜಿ, ಚಮಚ ಎಬ್ಬಿಸುವ ಕೆಲಸವೂ ಅದರೊಳಗೆ ಬರುತ್ತದೆ. 1877ರಲ್ಲಿ ಸ್ಥಾಪನೆಯಾದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ಆಭರಣ ಮತ್ತು ಲೋಹಕೆಲಸ ಎರಡನ್ನೂ ಒಂದೇ ವಿಭಾಗದಲ್ಲಿಟ್ಟಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಆ ಊರಿನ ಅಕ್ಕಸಾಲಿಗರ ಬೀದಿಗಳ ನಡುವೆಯೇ, 1890ರಲ್ಲಿ ಆರಂಭವಾದ ಆಭರಣ ಶಾಲೆ ಈಗ ಬರ್ಮಿಂಗ್‌ಹ್ಯಾಮ್ ಸಿಟಿ ವಿಶ್ವವಿದ್ಯಾಲಯದ ಭಾಗವಾಗಿದೆ. ಖರ್ಚಿನ ವಿಷಯವನ್ನು ಮನೆಯವರೊಡನೆ ಕೂತು ಮಾತಾಡದೆ ಇವುಗಳ ಕನಸು ಕಟ್ಟಬೇಡಿ ಎಂದಷ್ಟೇ ಇಲ್ಲಿ ಹೇಳಬಲ್ಲೆ.

ಯಾವ ಕಾಲೇಜಾದರೂ ಸರಿ, ಸೇರುವ ಮೊದಲು ಒಮ್ಮೆ ಹೋಗಿ ಅದರ ಕಾರ್ಯಾಗಾರವನ್ನು ನೋಡಿ. ಒಂದು ತರಗತಿಗೆ ಎಷ್ಟು ಟಾರ್ಚುಗಳು, ಅಂದರೆ ಲೋಹ ಕಾಯಿಸುವ ಗ್ಯಾಸಿನ ಉರಿಯ ಕೊಳವೆಗಳು, ಇವೆ, ಸಂಜೆ ಐದರ ನಂತರ ಬಾಗಿಲು ತೆರೆದಿರುತ್ತದೆಯೇ, ಬೆಸುಗೆ ಹಾಕುವ ಜಾಗದಲ್ಲಿ ಹೊಗೆ ಎಳೆಯುವ ಫ್ಯಾನು ತಿರುಗುತ್ತಿದೆಯೇ, ಇಷ್ಟು ಕೇಳಿ. ಗೋಡೆಗೆ ಹಾಕಿದ ಚಿತ್ರಗಳಿಗಿಂತ ಮೇಜಿನ ಮೇಲಿನ ಗೀರುಗಳನ್ನು ಹೆಚ್ಚು ನಂಬಬಹುದು.

ಆರು ತಿಂಗಳು ತಾಮ್ರ

ಅರ್ಜಿ ಹಾಕುವುದಕ್ಕೆ ಆರು ತಿಂಗಳು ಮೊದಲು ತಾಮ್ರದ ತಗಡಿನ ಮೇಲೆ ಕೈ ಇಡಿ. ಚಿನ್ನ ಬೇಡ, ಬೆಳ್ಳಿಯೂ ಬೇಡ. ತಾಮ್ರ ಅಗ್ಗ, ತಪ್ಪನ್ನು ಸಹಿಸುತ್ತದೆ, ಬಡಿದರೆ ಗಟ್ಟಿಯಾಗಿ ಕಾಯಿಸಿದರೆ ಮೆತ್ತಗಾಗುವ ಗುಣವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅಂಗಡಿಯಲ್ಲಿ 20 ಗೇಜಿನ ತಗಡು ಎಂದು ಕೇಳಿ. ಅದು ಸುಮಾರು 0.9 ಮಿಲಿಮೀಟರ್ ದಪ್ಪವಿರುತ್ತದೆ. ಜೊತೆಗೆ ಅಕ್ಕಸಾಲಿಗರ ಗರಗಸದ ಚೌಕಟ್ಟು, 2/0 ಅಳತೆಯ ಬ್ಲೇಡುಗಳ ಎರಡು ಮೂರು ಕಟ್ಟು, ಅರ್ಧ ದುಂಡಿನ ಒಂದು ಅರ, ಮೇಜಿಗೆ ಬಿಗಿಯಲು ಇಂಗ್ಲಿಷಿನ ವಿ ಅಕ್ಷರದಂತೆ ಕೊರೆದ ಮರದ ತುಂಡು, ಕಣ್ಣಿಗೆ ಕನ್ನಡಕ. ಅಷ್ಟು ಸಾಕು.

ಬ್ಲೇಡನ್ನು ಹಲ್ಲುಗಳು ಹೊರಮುಖವಾಗಿ, ಹಿಡಿಯ ಕಡೆಗೆ ಬಾಗಿರುವಂತೆ ಸಿಕ್ಕಿಸಬೇಕು, ಏಕೆಂದರೆ ಈ ಗರಗಸ ಕೆಳಕ್ಕೆ ಎಳೆಯುವಾಗ ಮಾತ್ರ ಕೊಯ್ಯುತ್ತದೆ. ಬ್ಲೇಡಿನ ಒಂದು ತುದಿಯ ತಿರುಪನ್ನು ಬಿಗಿದ ಮೇಲೆ, ಚೌಕಟ್ಟಿನ ತುದಿಯನ್ನು ಮೇಜಿನ ಅಂಚಿಗೂ ಹಿಡಿಯನ್ನು ಎದೆಗೂ ಒತ್ತಿಕೊಂಡು ಎರಡನೆಯ ತಿರುಪನ್ನು ಬಿಗಿ ಮಾಡಿದರೆ ಬ್ಲೇಡು ಸೆಟೆದು ನಿಲ್ಲುತ್ತದೆ; ಬೆರಳಿನಿಂದ ಮೀಟಿದಾಗ ತಂಬೂರಿಯ ತಂತಿಯ ಹಾಗೆ ಟಿಣ್ ಎಂದರೆ ಸರಿ, ದಡ್ ಎಂದರೆ ಬಿಚ್ಚಿ ಮತ್ತೆ ಕಟ್ಟಿ. ಬ್ಲೇಡಿಗೆ ಆಗಾಗ ಜೇನುಮೇಣ ಸವರಿ. ಮೂಲೆ ತಿರುಗಿಸುವಾಗ ಗರಗಸವನ್ನು ಮುಂದಕ್ಕೆ ಒತ್ತದೆ, ನಿಂತಲ್ಲೇ ಮೇಲೆ ಕೆಳಗೆ ಆಡಿಸುತ್ತ ತಗಡನ್ನು ನಿಧಾನವಾಗಿ ತಿರುಗಿಸಬೇಕು. ಮೊದಲ ವಾರ ಒಂದು ಡಜನ್ ಬ್ಲೇಡು ಮುರಿಯುವುದು ಸಹಜ. ನನ್ನ ಬಳಿ ಬರುವ ಮಕ್ಕಳಿಗೆ ಮುರಿದ ಬ್ಲೇಡುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಲು ಹೇಳುತ್ತೇನೆ. ಅದು ಯಾವ ವಾರದಿಂದ ತುಂಬುವುದನ್ನು ನಿಲ್ಲಿಸಿತು ಎಂಬುದೇ ಅವರ ಪ್ರಗತಿ ಪತ್ರ.

ಅಭ್ಯಾಸಕ್ಕೆ ಕನ್ನಡ ಅಕ್ಷರಗಳನ್ನು ಕೊಯ್ಯುವುದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ನೇರ ಗೆರೆಗಳಿಲ್ಲದ ಈ ಲಿಪಿಯಲ್ಲಿ ಪ್ರತಿ ಅಕ್ಷರವೂ ಬಳುಕುತ್ತದೆ, ಸಣ್ಣ ತಿರುವಿನಿಂದ ದೊಡ್ಡ ತಿರುವಿಗೆ ಹೋಗುತ್ತದೆ. ಮೊದಲು "ರ", ಆಮೇಲೆ "ಳ", ಆಮೇಲೆ "ಕ್ಷ". "ಠ" ಕೊಯ್ಯಲು ಹೊರಟ ಹುಡುಗಿಯೊಬ್ಬಳು ಎರಡು ಗಂಟೆ ಶ್ರದ್ಧೆಯಿಂದ ಕೂತು ಕೊನೆಯ ಸುತ್ತು ಮುಗಿಸಿದಾಗ, ಒಳಗಿನ ಚುಕ್ಕೆ ಟಣ್ಣನೆ ನೆಲಕ್ಕೆ ಬಿತ್ತು. ಚುಕ್ಕೆಯನ್ನು ಅಕ್ಷರದ ಹೊರಸುತ್ತಿಗೆ ಹಿಡಿದಿಡಲು ಎಲ್ಲೋ ಒಂದು ಕಡೆ ತೆಳುವಾದ ಸೇತುವೆ ಬಿಡಬೇಕಿತ್ತು, ಆ ಸೇತುವೆ ಅಕ್ಷರವನ್ನು ಕೆಡಿಸದಂತೆ ಎಲ್ಲಿರಬೇಕು ಎಂದು ಅವಳು ಆಮೇಲೆ ನಾಲ್ಕು ಕಾಗದಗಳಲ್ಲಿ ಬರೆದು ನೋಡಿದಳು. ಪ್ರವೇಶ ಸಂದರ್ಶನದಲ್ಲಿ ಅವಳು ತೋರಿಸಿದ್ದು ಆ ನಾಲ್ಕು ಕಾಗದಗಳನ್ನೇ.

ಇದೇ ಅವಧಿಯಲ್ಲಿ ತಾಮ್ರವನ್ನು ಹದಕ್ಕೆ ಕಾಯಿಸುವುದನ್ನೂ ಕಲಿಯಿರಿ. ಕಾಲೇಜಿನಲ್ಲಿ ಇದಕ್ಕೆ ಅನೀಲಿಂಗ್ ಎನ್ನುತ್ತಾರೆ. ಬೆಂಕಿಯ ಕೆಲಸವನ್ನು ಅನುಭವಸ್ಥರ ಎದುರಿನಲ್ಲಿಯೇ ಮಾಡಿ. ಬಡಿದು ಬಡಿದು ಗಟ್ಟಿಯಾದ ತಗಡನ್ನು ಮಂದ ಕೆಂಪು ಬರುವವರೆಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಮತ್ತೆ ಬಾಗುತ್ತದೆ. ಬಿಸಿಲಿನಲ್ಲಿ ಅಥವಾ ಟ್ಯೂಬ್‌ಲೈಟಿನ ಕೆಳಗೆ ಈ ಮಂದ ಕೆಂಪು ಕಣ್ಣಿಗೆ ಬೀಳುವುದೇ ಇಲ್ಲ, ಕಾಣುವಷ್ಟರಲ್ಲಿ ಲೋಹ ಅತಿಯಾಗಿ ಕಾದಿರುತ್ತದೆ. ನಮ್ಮ ಹಳೆಯ ಅಕ್ಕಸಾಲಿಗರು ಅಗ್ಗಿಷ್ಟಿಕೆಯನ್ನು ಕತ್ತಲೆ ಮೂಲೆಯಲ್ಲಿ ಇಟ್ಟುಕೊಳ್ಳುತ್ತಿದ್ದುದು ಬಡತನದಿಂದ ಎಂದು ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆ.

ಚಿತ್ರ ಮತ್ತು ಪೋರ್ಟ್‌ಫೋಲಿಯೋ

ಪ್ರವೇಶ ಪರೀಕ್ಷೆಗಳ ಅರ್ಜಿ ಬಹುಪಾಲು ದ್ವಿತೀಯ ಪಿಯುಸಿ ಪರೀಕ್ಷೆಗೂ ಮೊದಲೇ ಬಂದುಹೋಗುತ್ತದೆ. ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕೂತವರಿಗೆ ಒಂದು ವರ್ಷ ಹೋಯಿತೆಂದೇ ಲೆಕ್ಕ. ನಿಫ್ಟ್‌ನ ಡಿಸೈನ್ ಪದವಿಗೆ ಸೃಜನಶೀಲತೆಯ ಪರೀಕ್ಷೆ, ಸಾಮಾನ್ಯ ಸಾಮರ್ಥ್ಯದ ಪರೀಕ್ಷೆ ಎರಡೂ ಇರುತ್ತವೆ, ಆಯ್ಕೆಯಾದವರಿಗೆ ಆಮೇಲೆ ಕೊಟ್ಟ ಸಾಮಗ್ರಿಯಲ್ಲಿ ಅಲ್ಲೇ ಒಂದು ಮಾದರಿ ಕಟ್ಟುವ ಪರೀಕ್ಷೆ ಇರುತ್ತದೆ. ತಂತಿ, ರಟ್ಟು, ದಾರಗಳಲ್ಲಿ ಕೈಯಾಡಿಸಿದವರಿಗೆ ಕೊನೆಯದು ಸುಲಭ. ರೋಡ್ ಐಲೆಂಡ್‌ನಂಥ ಕಾಲೇಜುಗಳು ನಿಮ್ಮದೇ 12ರಿಂದ 20 ಕೃತಿಗಳ ಸಂಗ್ರಹವಾದ ಪೋರ್ಟ್‌ಫೋಲಿಯೋ ಕೇಳುತ್ತವೆ.

ಅಂತರಜಾಲದಿಂದ ನಕಲಿಸಿದ ನೆಕ್ಲೇಸಿನ ಚಿತ್ರಗಳನ್ನು ಆಯ್ಕೆ ಸಮಿತಿಯವರು ಒಂದು ನೋಟಕ್ಕೇ ಗುರುತಿಸುತ್ತಾರೆ. ನಮ್ಮ ಸುತ್ತ ಇರುವುದನ್ನೇ ನೋಡಿ ಬರೆಯಿರಿ. ಒಂದು ಭಾನುವಾರ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋಗಿ ಕೂತರೆ, 1258ರ ಕೇಶವ ದೇವಾಲಯದ ಹೊರಗೋಡೆಯೇ ಒಂದು ಒಡವೆ ಅಂಗಡಿ. ಬಳಪದ ಕಲ್ಲು ಮೆದುವಾಗಿದ್ದುದರಿಂದ ಹೊಯ್ಸಳ ಶಿಲ್ಪಿಗಳು ಹಾರದ ಒಂದೊಂದು ಮಣಿಯನ್ನೂ, ಕಡಗದ ತಿರುಪನ್ನೂ, ಸೊಂಟದ ಡಾಬಿನಿಂದ ಇಳಿಬಿದ್ದ ಗೊಂಡೆಗಳನ್ನೂ ಬಿಡಿಸಿ ಕೆತ್ತಿದ್ದಾರೆ. ಅಲ್ಲಿ ಒಂದೇ ಮೂರ್ತಿಯನ್ನು ಆರಿಸಿಕೊಂಡು, ಅದರ ಒಡವೆಗಳನ್ನು ಮಾತ್ರ, ಯಾವುದು ಯಾವುದಕ್ಕೆ ಕೊಂಡಿಯಿಂದ ಸೇರಿದೆ ಎಂದು ಊಹಿಸುತ್ತ ಬರೆಯಿರಿ. ಮನೆಯಲ್ಲಿ ಅಜ್ಜಿಯ ಪೆಟ್ಟಿಗೆ ತೆಗೆಸಿ ಅಡ್ಡಿಕೆ, ಬುಗುಡಿ, ಜಡೆಬಿಲ್ಲೆ, ವಂಕಿಗಳ ಹಿಂಬದಿಯನ್ನು ಬರೆಯುವುದು ಇನ್ನೂ ಮೇಲು. ಮುಂಬದಿ ಎಲ್ಲರಿಗೂ ಕಾಣುತ್ತದೆ. ಕೊಂಡಿ, ತಿರುಪು, ಬೆಸುಗೆಯ ಗುರುತು, ಸವೆದು ಮತ್ತೆ ಕಟ್ಟಿಸಿದ ಜಾಗ ಇವೆಲ್ಲ ಇರುವುದು ಹಿಂದೆ.

ಮೊದಲ ವರ್ಷದ ಬೆಂಕಿ

ಕಾಲೇಜು ಸೇರಿದ ಮೇಲೆ ಹೆಚ್ಚು ಮಂದಿ ಎಡವುವುದು ಬೆಸುಗೆಯಲ್ಲಿ. ಬೆಸುಗೆ ಬಿರುಕನ್ನು ತುಂಬುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಎರಡು ಅಂಚುಗಳ ನಡುವೆ ಬೆಳಕು ತೂರದಂತೆ ಅರದಿಂದ ಉಜ್ಜಿ ಕೂರಿಸಿ, ಬಿಳಿಗಾರ ಸವರಿ, ಸಣ್ಣ ಬೆಸುಗೆ ಚೂರುಗಳನ್ನಿಟ್ಟು, ಆಮೇಲೆ ಬೆಂಕಿ ಕೊಡಬೇಕು. ಬೆಂಕಿಯನ್ನು ಬೆಸುಗೆಯ ಚೂರಿಗೆ ತೋರಿಸುವುದು ಹೊಸಬರ ತಪ್ಪು. ಇಡೀ ವಸ್ತುವನ್ನು ಕಾಯಿಸಿದರೆ ಕರಗಿದ ಬೆಸುಗೆ ಬಿಸಿ ಇರುವ ಕಡೆಗೆ ತಾನೇ ಓಡುತ್ತದೆ. ಬೆಳ್ಳಿಯ ಕೆಲಸದಲ್ಲಿ ಹಾರ್ಡ್, ಮೀಡಿಯಂ, ಈಸಿ ಎಂಬ ಮೂರು ಬೆಸುಗೆಗಳಿದ್ದು, ಹೆಚ್ಚು ಶಾಖಕ್ಕೆ ಕರಗುವ ಹಾರ್ಡ್‌ನಿಂದ ಆರಂಭಿಸಿ ಕೆಳಗಿಳಿಯಬೇಕು. ಹಾಗೆ ಮಾಡದಿದ್ದರೆ ಮೂರನೆಯ ಬೆಸುಗೆ ಹಾಕುವಾಗ ಮೊದಲನೆಯದು ಬಿಚ್ಚಿಕೊಳ್ಳುತ್ತದೆ.

ಬೆಸುಗೆಯ ನಂತರ ಕಪ್ಪು ಹಿಡಿದ ಲೋಹವನ್ನು ಪಿಕಲ್ ಎನ್ನುವ ತೆಳು ಆಮ್ಲದಲ್ಲಿ ತೊಳೆಯುತ್ತಾರೆ. ನಮ್ಮ ಕಡೆಯ ಅಕ್ಕಸಾಲಿಗರು ಹುಣಸೆಹಣ್ಣಿನ ನೀರು ಮತ್ತು ಅಂಟುವಾಳದ ನೊರೆಯಲ್ಲಿ ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಎಂದೂ ಆಮ್ಲಕ್ಕೆ ಹಾಕಬಾರದು. ಅದರೊಳಕ್ಕೆ ಕಬ್ಬಿಣ ಇಳಿಯಬಾರದು. ಇದನ್ನು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿದ್ದರೂ ನಾನು ಮೊದಲ ವರ್ಷ, ಪ್ರದರ್ಶನದ ಹಿಂದಿನ ರಾತ್ರಿ, ಅವಸರದಲ್ಲಿ ಉಕ್ಕಿನ ಚಿಮಟವನ್ನೇ ಅದ್ದಿ ನನ್ನ ಬೆಳ್ಳಿಯ ಪದಕವನ್ನು ಹೊರತೆಗೆದೆ. ಎಷ್ಟೋ ತಾಮ್ರದ ತುಂಡುಗಳು ತೊಳೆದುಕೊಂಡು ಹೋಗಿದ್ದ ಆ ದ್ರಾವಣದಲ್ಲಿದ್ದ ತಾಮ್ರವೆಲ್ಲ ಕಬ್ಬಿಣದ ಸ್ಪರ್ಶದಿಂದ ನನ್ನ ಪದಕದ ಮೇಲೆ ಬಂದು ಕೂತು, ಬೆಳ್ಳಿ ಹೋಗಿ ಗುಲಾಬಿ ಬಣ್ಣದ ಒಂದು ಬಿಲ್ಲೆ ಕೈಗೆ ಬಂತು. ಪಕ್ಕದ ಮೇಜಿನವರ ಮೂರು ಉಂಗುರಗಳೂ ಅದೇ ಪಾತ್ರೆಯಲ್ಲಿದ್ದವು. ತಾಮ್ರದ ಅಥವಾ ಪ್ಲಾಸ್ಟಿಕ್ಕಿನ ಚಿಮಟವನ್ನು ಪಾತ್ರೆಗೇ ದಾರದಿಂದ ಕಟ್ಟಿಡಿ.

ಇನ್ನೊಂದು ಎಚ್ಚರಿಕೆ ಜೀವಕ್ಕೆ ಸಂಬಂಧಿಸಿದ್ದು. ಕೆಡಿಎಂ ಚಿನ್ನ ಎಂಬ ಮಾತನ್ನು ಎಲ್ಲ ಮನೆಗಳಲ್ಲೂ ಕೇಳಿರುತ್ತೀರಿ. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯಿಂದ ಬಂದ ಹೆಸರು. ಕ್ಯಾಡ್ಮಿಯಂ 767 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಅಂದರೆ ಬೆಸುಗೆಯ ಬೆಂಕಿಯಲ್ಲೇ ಆವಿಯಾಗುತ್ತದೆ, ಮತ್ತು ಆ ಆವಿ ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಕ್ಯಾಡ್ಮಿಯಂ ಇಲ್ಲದ ಬೆಸುಗೆ ಎಂದು ಕೇಳಿಯೇ ತನ್ನಿ. ಅಪ್ಪನ ಅಂಗಡಿಯ ಹಳೆಯ ಡಬ್ಬಿಯಲ್ಲಿ ಉಳಿದ ತುಣುಕನ್ನು ಉಳಿತಾಯದ ಹೆಸರಿನಲ್ಲಿ ಕಾಲೇಜಿಗೆ ಒಯ್ಯಬೇಡಿ.

ಲೆಕ್ಕ

ಒಡವೆಯ ಓದಿನಲ್ಲಿ ಗಣಿತವಿಲ್ಲ ಎಂದುಕೊಂಡು ಬಂದವರಿಗೆ ಮೂರು ಲೆಕ್ಕಗಳು ಮೊದಲ ವರ್ಷವೇ ಎದುರಾಗುತ್ತವೆ. ಉಂಗುರಕ್ಕೆ ಪಟ್ಟಿ ಎಷ್ಟು ಉದ್ದ ಬೇಕು? ಒಳವ್ಯಾಸಕ್ಕೆ ಲೋಹದ ದಪ್ಪವನ್ನು ಕೂಡಿ 3.14ರಿಂದ ಗುಣಿಸಬೇಕು. ಒಳವ್ಯಾಸ 17 ಮಿಲಿಮೀಟರ್, ದಪ್ಪ 1.5 ಮಿಲಿಮೀಟರ್ ಆದರೆ ಸುಮಾರು 58.1 ಮಿಲಿಮೀಟರ್, ದಪ್ಪವನ್ನು ಮರೆತರೆ ಉಂಗುರ ಬೆರಳಿನ ಗೆಣ್ಣು ದಾಟುವುದಿಲ್ಲ. ಮೇಣದ ಮಾದರಿಯಿಂದ ಎರಕ ಹೊಯ್ಯುವಾಗ ಮೇಣದ ತೂಕವನ್ನು ಲೋಹದ ಸಾಪೇಕ್ಷ ಸಾಂದ್ರತೆಯಿಂದ ಗುಣಿಸಿದರೆ ಬೇಕಾದ ಲೋಹ ತಿಳಿಯುತ್ತದೆ: 2 ಗ್ರಾಂ ಮೇಣಕ್ಕೆ ಶೇಕಡಾ 92.5 ಶುದ್ಧತೆಯ ಬೆಳ್ಳಿ ಸುಮಾರು 20.6 ಗ್ರಾಂ, ಜೊತೆಗೆ ಲೋಹ ಹರಿದುಬರುವ ನಾಳಕ್ಕೆಂದು ಇನ್ನಷ್ಟು. ಮೂರನೆಯದು ಬೆರಕೆಯ ಲೆಕ್ಕ. 10 ಗ್ರಾಂ ಅಪ್ಪಟ ಚಿನ್ನವನ್ನು 22 ಕ್ಯಾರೆಟ್‌ಗೆ, ಅಂದರೆ ಸಾವಿರದಲ್ಲಿ 916 ಪಾಲು ಚಿನ್ನಕ್ಕೆ ಇಳಿಸಲು 0.917 ಗ್ರಾಂ ಬೆರಕೆ ಲೋಹ ಸೇರಿಸಬೇಕು. 10ರಲ್ಲಿ 8.4 ಶೇಕಡಾ ತೆಗೆದು 0.84 ಎಂದು ಬರೆಯುವವರು ಪ್ರತಿ ವರ್ಷವೂ ಇರುತ್ತಾರೆ. ಸೇರಿಸಿದ ಮೇಲೆ ಒಟ್ಟು ತೂಕವೂ ಹೆಚ್ಚಾಯಿತು ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ.

ರಜೆಗಳನ್ನು ಎಲ್ಲಿ ಕಳೆಯಬೇಕು

ಇಂಟರ್ನ್‌ಷಿಪ್‌ಗೆ ದೊಡ್ಡ ಬ್ರಾಂಡುಗಳ ಬೆನ್ನು ಹತ್ತುವುದು ಕೊನೆಯ ವರ್ಷಕ್ಕಿರಲಿ. ಮೊದಲ ಎರಡು ಬೇಸಿಗೆಗಳಲ್ಲಿ ಊರಿಗೆ ಬಂದು ಕೆಲಸಗಾರರ ಪಕ್ಕ ಕೂರಿ. ಅಶೋಕ ರಸ್ತೆಯ ಆಸುಪಾಸಿನ ಅಕ್ಕಸಾಲಿಗರ ಹತ್ತಿರ ಕಂಬಚ್ಚಿನಲ್ಲಿ, ಅಂದರೆ ರಂಧ್ರಗಳ ಉಕ್ಕಿನ ಹಲಗೆಯಲ್ಲಿ, ತಂತಿ ಎಳೆಯುವುದನ್ನೂ, ಅರಗಿನ ಮೇಲೆ ತಗಡು ಕೂರಿಸಿ ಉಬ್ಬು ಕೆಲಸ ಮಾಡುವುದನ್ನೂ ನೋಡಬಹುದು. "ಆಚಾರ್ರೇ, ಒಂದು ತಿಂಗಳು ನಿಮ್ಮ ಹತ್ತಿರ ಕೂತು ನೋಡಬಹುದೇ, ಸಂಬಳ ಬೇಡ" ಎಂದು ವಿನಯದಿಂದ ಕೇಳಿದರೆ ಹತ್ತರಲ್ಲಿ ಒಬ್ಬರಾದರೂ ಒಪ್ಪುತ್ತಾರೆ. ಒಪ್ಪದವರ ಮೇಲೆ ಬೇಸರ ಬೇಡ, ಅವರ ಮುಂದೆ ಇರುವುದು ಇನ್ನೊಬ್ಬರ ಚಿನ್ನ. ಕೂತ ಮೇಲೆ ಮೊದಲ ವಾರ ನಿಮಗೆ ಸಿಗುವ ಕೆಲಸ ನೆಲದ ಧೂಳು ಗುಡಿಸಿ ಕೂಡಿಡುವುದು. ಅರದ ಪುಡಿಯಿರುವ ಆ ಧೂಳಿಗೂ ಬೆಲೆಯಿದೆ ಎಂದು ಯಾವ ಪಠ್ಯಕ್ಕಿಂತಲೂ ಚೆನ್ನಾಗಿ ಅದು ತಿಳಿಸುತ್ತದೆ.

ಎರಕ ಕಲಿಯುವವರು ಮಂಡ್ಯ ಜಿಲ್ಲೆಯ ನಾಗಮಂಗಲಕ್ಕೆ ಹೋಗಬೇಕು. ದೇವರ ವಿಗ್ರಹ, ಪ್ರಭಾವಳಿ, ದೀಪಗಳನ್ನು ಅಲ್ಲಿಯ ವಿಶ್ವಕರ್ಮ ಮನೆತನಗಳು ಮೇಣದ ಮಾದರಿಗೆ ಮಣ್ಣು ಬಳಿದು, ಮೇಣವನ್ನು ಕರಗಿಸಿ ಹೊರಹರಿಸಿ, ಆ ಖಾಲಿ ಜಾಗಕ್ಕೆ ಲೋಹ ಹೊಯ್ದು ತಯಾರಿಸುತ್ತ ಬಂದಿವೆ. ಕಾಲೇಜಿನ ಕಾರ್ಯಾಗಾರದಲ್ಲಿ ಮಣ್ಣಿನ ಬದಲು ಪ್ಲಾಸ್ಟರ್, ಒಲೆಯ ಬದಲು ವಿದ್ಯುತ್ ಕುಲುಮೆ ಇರುತ್ತದೆ, ತತ್ತ್ವದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗಾಳಿ ಹೊರಹೋಗಲು ದಾರಿ ಎಲ್ಲಿ ಬಿಡಬೇಕು ಎಂಬ ಒಂದು ವಿಷಯವನ್ನು ಅಲ್ಲಿ ನೋಡಿ ಬಂದರೂ ಹೋದ ಬಸ್ ಚಾರ್ಜು ವಸೂಲಾಯಿತು.

ಹಣ, ಕಾನೂನು, ಮೊದಲ ಗಿರಾಕಿ

ಶುಲ್ಕದ ಹೊರತಾಗಿ ಉಪಕರಣ ಮತ್ತು ಲೋಹಕ್ಕೆ ಪ್ರತಿ ಸೆಮಿಸ್ಟರ್ ಬೇರೆಯಾಗಿ ಹಣ ಎತ್ತಿಡಿ. ಗರಗಸ, ಅರ, ಚಿಮಟಗಳನ್ನು ಒಳ್ಳೆಯದನ್ನೇ ಕೊಳ್ಳಿ. ತಂತಿ ಎಳೆಯುವ ಯಂತ್ರ, ತಗಡನ್ನು ಒತ್ತಿ ತೆಳುಮಾಡುವ ರೋಲಿಂಗ್ ಮಿಲ್ ಇವು ಕಾಲೇಜಿನಲ್ಲಿರುವವರೆಗೆ ಕೊಳ್ಳುವ ಅಗತ್ಯವಿಲ್ಲ. ಕುಟುಂಬದ ಕಸುಬಾಗಿ ಅಕ್ಕಸಾಲೆ ಕೆಲಸ ಮಾಡುತ್ತಿರುವವರು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯನ್ನು ವಿಚಾರಿಸಬಹುದು. ಅದರ 18 ಕಸುಬುಗಳಲ್ಲಿ ಇದೂ ಒಂದಾಗಿದ್ದು, ತರಬೇತಿಯ ದಿನಗಳಿಗೆ ಭತ್ಯೆಯೂ ಉಪಕರಣಕ್ಕೆ 15,000 ರೂಪಾಯಿಯವರೆಗಿನ ನೆರವೂ ಇದೆ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ.

ಪದವಿಯ ನಂತರ ಸ್ವಂತ ಹೆಸರಿನಲ್ಲಿ ಚಿನ್ನ ಮಾರಲು ಹೊರಡುವವರು ಹಾಲ್‌ಮಾರ್ಕ್ ನಿಯಮ ತಿಳಿದಿರಬೇಕು. 2021ರ ಜೂನ್‌ನಿಂದ ಇದು ಹಂತ ಹಂತವಾಗಿ ಕಡ್ಡಾಯವಾಗಿದ್ದು, ಈಗ ಪ್ರತಿ ಒಡವೆಯ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಚಿಹ್ನೆ, 22ಕೆ916ರಂಥ ಶುದ್ಧತೆಯ ಗುರುತು ಮತ್ತು ಆ ಒಡವೆಗೆ ಮಾತ್ರ ಸೇರಿದ, ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಸಂಖ್ಯೆ, ಹೀಗೆ ಮೂರು ಇರಬೇಕು. 2 ಗ್ರಾಂಗಿಂತ ಕಡಿಮೆ ತೂಕದ ವಸ್ತುಗಳಿಗೆ ವಿನಾಯಿತಿಯಿದೆ. ಚಿನ್ನಕ್ಕೆ ಇಷ್ಟೆಲ್ಲ ನಿಯಮ ಇರುವುದರಿಂದಲೇ ಹೊಸಬರು ಬೆಳ್ಳಿ, ಹಿತ್ತಾಳೆಯಿಂದ ಆರಂಭಿಸುವುದು ಜಾಣತನ.

ಆದರೆ ನಿಮ್ಮ ಮೊದಲ ಗಿರಾಕಿ ಹೊಸ ಒಡವೆ ಕೇಳುವವರಾಗಿರುವುದಿಲ್ಲ. ಎದುರು ಮನೆಯ ಅತ್ತೆಯೊಬ್ಬರು ತುಂಡಾದ ಕಾಲ್ಗೆಜ್ಜೆ ಹಿಡಿದು ಬಂದು, "ಓದಿದ್ದೀಯಲ್ಲಮ್ಮ, ಇದಕ್ಕೊಂದು ಬೆಸುಗೆ ಹಾಕಿಕೊಡು" ಎನ್ನುತ್ತಾರೆ. ಟಾರ್ಚು ಹಚ್ಚುವ ಮೊದಲು ಗೆಜ್ಜೆಯ ಹಳೆಯ ರಿಪೇರಿಗಳನ್ನು ಭೂತಗನ್ನಡಿಯಲ್ಲಿ ನೋಡಿ. ಎಲ್ಲಾದರೂ ಮಂಕಾದ ಬೂದು ಬಣ್ಣದ ಗಂಟು ಕಂಡರೆ ಅದು ಸೀಸದ ಬೆಸುಗೆ. ಅದಿರುವಾಗಲೇ ಕಾಯಿಸಿದರೆ ಸೀಸ ಬೆಳ್ಳಿಯನ್ನು ತಿಂದು ಗುಳಿ ಬೀಳಿಸುತ್ತದೆ, ಗೆಜ್ಜೆ ಮೊದಲಿಗಿಂತ ಹಾಳಾಗುತ್ತದೆ. ಅರದಿಂದ ಕೊನೆಯ ಬೂದು ಚುಕ್ಕೆಯವರೆಗೆ ಕೆರೆದು ತೆಗೆಯಲು ಸಾಧ್ಯವಾದರೆ ಮಾತ್ರ ಒಪ್ಪಿಕೊಳ್ಳಿ. ಸಾಧ್ಯವಿಲ್ಲದಿದ್ದರೆ ಕಾರಣ ಹೇಳಿ, ಗೆಜ್ಜೆಯನ್ನು ಹಾಗೆಯೇ ಅವರ ಕೈಗೆ ಕೊಡಿ.